ಗ್ರಾನೈಟ್ ಹರಕೆ

ನಮ್ಮ ಭಾವ ಮುನಿಆಂಜಿನಪ್ಪ ಒಂದು ಕಡೆ ಕೂತು ಊಟ ಮುಗಿಸಿದ್ದನ್ನು ಕಂಡವರು ಕಡಿಮೆ. ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ. ಒಂದು ತುತ್ತು ನುಂಗಿ ಫೋನಿನಲ್ಲಿ ಮೇಸ್ತ್ರಿಗೆ ಬೈಯುತ್ತಾರೆ, ಇನ್ನೊಂದು ತುತ್ತಿಗೆ ಬೊಲೆರೊ ಹತ್ತಿರ ಹೋಗಿ ಟೈರು ಒದ್ದು ನೋಡುತ್ತಾರೆ, ಮುದ್ದೆ ಮುಗಿಯುವ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ನಿಂತಿರುತ್ತಾರೆ. ಅವರ ಹೆಂಡತಿ, ಅಂದರೆ ನನ್ನ ಅಕ್ಕ ಮುನಿನಾರಾಯಣಮ್ಮ, ನೀರಿನ ಚೊಂಬು ಹಿಡಿದು ಹಿಂದೆ ಹಿಂದೆ ಹೋಗುತ್ತಾಳೆ. ಮದುವೆಯಾದಾಗಿನಿಂದ ಅವಳು ಹಾಗೆ ನಡೆದದ್ದನ್ನೆಲ್ಲ ಸೇರಿಸಿದರೆ ತಿರುಪತಿ ಮುಟ್ಟುತ್ತಿತ್ತು ಎಂದು ನಾನು ರೇಗಿಸುತ್ತಿರುತ್ತೇನೆ.

ಚಿಕ್ಕಜಾಲದಿಂದ ಸ್ವಲ್ಪ ಒಳಗೆ ಅವರ ಊರು. ದ್ರಾಕ್ಷಿ, ರಾಗಿ ಬೆಳೆಯುತ್ತಿದ್ದ ಮನೆತನ. ಏರ್‌ಪೋರ್ಟ್ ಬರುತ್ತದೆ ಎಂಬ ಸುದ್ದಿ ಹಬ್ಬಿದ ಮೇಲೆ ಆ ಕಡೆಯ ಹೊಲಗಳೆಲ್ಲ ಸೈಟುಗಳಾದವು, ಭಾವ ಬಿಲ್ಡರ್ ಆದರು. ಸುಮ್ಮನೆ ಆದರು ಅಂದರೆ ಸಾಲದು. ಸಿಮೆಂಟಿನ ಮೇಲೆ ಅವರಿಗೆ ಭಕ್ತಿಯೇ ಹುಟ್ಟಿಬಿಟ್ಟಿತು. ಅಂಗಳಕ್ಕೆ ಸಿಮೆಂಟು, ಹಿತ್ತಲಿಗೆ ಸಿಮೆಂಟು, ಕೊಟ್ಟಿಗೆಯಲ್ಲಿ ಹಸು ಇಲ್ಲದಿದ್ದರೂ ಕೊಟ್ಟಿಗೆಗೆ ಟೈಲ್ಸ್. ಮಣ್ಣು ಕಂಡರೆ ಯಾರೋ ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದ್ದಾರೆ ಅನ್ನಿಸುತ್ತಿತ್ತು ಅವರಿಗೆ.

ಊರ ಬಾಗಿಲಲ್ಲಿ ಅರಳಿ ಬೇವು ಒಂದಕ್ಕೊಂದು ಸುತ್ತಿಕೊಂಡು ಬೆಳೆದ ಜೋಡಿ ಮರ ಇದೆ. ಭಾವನ ಅಜ್ಜನ ಕಾಲದಲ್ಲಿ ಅವಕ್ಕೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದ್ದರಂತೆ. ಬುಡದಲ್ಲಿ ನಾಗರಕಲ್ಲುಗಳು. ಅಕ್ಕನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಯಶವಂತಪುರದ ಡಾಕ್ಟರು, ಆಮೇಲೆ ಹೆಬ್ಬಾಳದ ಡಾಕ್ಟರು, ಕೊನೆಗೆ ಆ ಮರ. ಬೆಳಗಿನ ಜಾವ ತಣ್ಣೀರು ಹುಯ್ದುಕೊಂಡು ಒದ್ದೆ ಸೀರೆಯಲ್ಲೇ ಒಂದು ಮಂಡಲ ಪ್ರದಕ್ಷಿಣೆ ಹಾಕಿದಳು. ಭಾವ ಹರಕೆಯನ್ನೂ ಗಟ್ಟಿ ದನಿಯಲ್ಲೇ ಹೊತ್ತರು. ಮಗು ಆದರೆ ಊರೇ ತಿರುಗಿ ನೋಡುವಂಥ ಕಟ್ಟೆ ಕಟ್ಟಿಸುತ್ತೇನೆ ಎಂದು ಎಲ್ಲರ ಎದುರಿಗೆ ಮರಕ್ಕೆ ಮಾತು ಕೊಟ್ಟರು. ಮಾರನೆಯ ವರ್ಷ ರಾಣಿ ಹುಟ್ಟಿದಳು.

ಆಗ ಕೈಯಲ್ಲಿ ಏನೂ ಇರಲಿಲ್ಲ, ಹರಕೆ ಹಾಗೇ ಉಳಿಯಿತು. ಎರಡು ಸಾವಿರದ ಎಂಟರಲ್ಲಿ ತಲೆಯ ಮೇಲೆ ವಿಮಾನಗಳು ಹಾರಾಡಲು ಶುರುವಾದ ವರ್ಷವೇ ಭಾವ ಅದನ್ನು ತೀರಿಸಿದರು. ಜಿಗಣಿಯಿಂದ ಲಾರಿಯಲ್ಲಿ ಕರಿ ಗ್ರಾನೈಟ್ ಬಂತು. ಕೆಳಗೆ ದಪ್ಪನೆಯ ಕಾಂಕ್ರೀಟು, ಮೇಲೆ ಮುಖ ಕಾಣುವಂಥ ಕಲ್ಲು, ಸುತ್ತ ಸ್ಟೀಲ್ ಕಂಬಿ. ಲೆವೆಲ್ಲಿಗೆ ಅಡ್ಡ ಬಂದ ಬೇರುಗಳನ್ನು ಕಡಿಸಿದರು. ನಾಗರಕಲ್ಲುಗಳನ್ನು ಸಾಲಾಗಿ ಸಿಮೆಂಟಿನಲ್ಲಿ ಕೂರಿಸಿದರು. ಕಾಂಡಕ್ಕೆ ಒತ್ತಿ, ಓರೆಯಾಗಿ, ಒಂದು ಹೆಸರಿನ ಕಲ್ಲು. ಬಂಗಾರದ ಬಣ್ಣದ ಅಕ್ಷರಗಳು: ‘ಸೇವಾಕರ್ತರು, ಶ್ರೀ ಮುನಿಆಂಜಿನಪ್ಪ ಮತ್ತು ಕುಟುಂಬ’. ಒದ್ದೆ ಸೀರೆಯಲ್ಲಿ ಸುತ್ತಿದವಳು ಆ ‘ಕುಟುಂಬ’ದೊಳಗೆ ಎಲ್ಲೋ ಇದ್ದಳು.

ಪುರೋಹಿತರಾದ ವೆಂಕಟರಾಮಯ್ಯನವರು ಹೋಮ ಮಾಡಿಸಿದರು, ಊರಿಗೆಲ್ಲ ಊಟವಾಯಿತು. ಅಕ್ಕಪಕ್ಕದ ಊರಿನವರು ಬಂದು ನೋಡಿ, ತಮ್ಮ ಊರಿಗೆ ಹೋಗಿ, ತಮ್ಮ ಮರಗಳಿಗೂ ಅಂಥದ್ದೇ ಕಟ್ಟೆ ಕಟ್ಟಿಸಿದರು. ಅದೊಂದು ಪೈಪೋಟಿಯೇ ಆಯಿತು. ಕಡಿಯುವ ಉದ್ದೇಶವಿದ್ದವನು ಕೊಡಲಿ ತರುತ್ತಾನೆ, ಅವನನ್ನು ತಡೆಯಬಹುದು. ಭಕ್ತಿಯಿಂದ ಗ್ರಾನೈಟ್ ತಂದವನನ್ನು ಯಾರು ತಡೆಯುತ್ತಾರೆ ಹೇಳಿ.

ಗಟ್ಟಿ ಮರ, ಬೇಗ ಬಗ್ಗಲಿಲ್ಲ. ಕೆಲವು ವರ್ಷ ಎಲೆ ಚಿಕ್ಕದಾಗುತ್ತಾ ಬಂತು, ನೆರಳು ತೆಳುವಾಯಿತು, ಯಾರೂ ಗಮನಿಸಲಿಲ್ಲ. ಅರಳಿ ಮಾಘದಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಬಿಡಬೇಕು. ಎರಡು ಸಾವಿರದ ಹದಿನೇಳರ ಯುಗಾದಿಗೆ ಚಿಗುರು ಬರಲಿಲ್ಲ. ಅದೇ ಯುಗಾದಿಗೆ ತವರಿಗೆ ಬಂದಿದ್ದ ರಾಣಿ ಬಸುರಿಯಾಗಿದ್ದಳು. ಎರಡೂ ಸುದ್ದಿ ಒಟ್ಟಿಗೆ ಭಾವನ ತಲೆಗೆ ಹೋದವು, ಅಲ್ಲಿಗೆ ಅವರ ನೆಮ್ಮದಿ ಮುಗಿಯಿತು.

ವಿದ್ಯಾರಣ್ಯಪುರದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಭಾವನ ಫೋನು ಬರತೊಡಗಿತು.

“ಲೋ ಸುಬ್ರಮಣಿ, ಇವತ್ತೂ ಇಲ್ಲ ಕಣೋ.”

“ಏನು ಭಾವಾ?”

“ಚಿಗುರು ಕಣೋ! ಇನ್ನೇನು?”

ಮಧ್ಯಾಹ್ನ ಇನ್ನೊಂದು ಫೋನು, ಸಂಜೆ ಮತ್ತೊಂದು. ಯಲಹಂಕದಲ್ಲಿ ಸೈಟ್ ನೋಡುತ್ತಿದ್ದವರು ಅರ್ಧಕ್ಕೆ ಬಿಟ್ಟು ಊರಿಗೆ ಓಡಿ ಮರ ನೋಡಿ ಬರುತ್ತಿದ್ದರು. ಮರದ ಹತ್ತಿರವೂ ನಿಲ್ಲುತ್ತಿರಲಿಲ್ಲ. ಸುತ್ತುತ್ತಿದ್ದರು, ಕಾಂಡ ತಟ್ಟುತ್ತಿದ್ದರು, ಉಗುರಿನಲ್ಲಿ ತೊಗಟೆ ಕೆರೆದು ಹಸಿರು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕಂಡರೆ ಅರ್ಧ ಗಂಟೆ ಸಮಾಧಾನ, ಆಮೇಲೆ ಮತ್ತೆ ಅನುಮಾನ.

ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ನನ್ನ ಗಿರಾಕಿಯೊಬ್ಬರನ್ನು ನಾನೇ ಕರೆದುಕೊಂಡು ಹೋದೆ. ಅವರು ಸುತ್ತ ನೋಡಿ ನೇರವಾಗಿ ಹೇಳಿದರು. ಕಾಯಿಲೆ ಏನೂ ಇಲ್ಲ, ಬೇರಿಗೆ ನೀರೂ ಇಲ್ಲ ಗಾಳಿಯೂ ಇಲ್ಲ. ಈ ಕಟ್ಟೆ ಪೂರ್ತಿ ಬಿಚ್ಚಿ ಮಣ್ಣು ಸಡಿಲ ಮಾಡಿದರೆ, ಮಳೆಗಾಲಕ್ಕೆ ಮೊದಲು ಮಾಡಿದರೆ, ಉಳಿಯಬಹುದು. ಮಳೆ ಈ ಕಲ್ಲಿನ ಮೇಲೆ ಬಿದ್ದು ಮೋರಿಗೆ ಹೋದರೆ ಮುಂದಿನ ಯುಗಾದಿಗೆ ಸೌದೆ.

ಭಾವ ವೆಂಕಟರಾಮಯ್ಯನವರ ಮನೆಗೆ ಓಡಿದರು. ಅವರು ಹಣೆ ಉಜ್ಜಿಕೊಂಡರು. ಮನೆಯಲ್ಲಿ ಹೆಣ್ಣುಮಗಳು ಬಸುರಿ ಇರುವಾಗ ಕಟ್ಟುವುದು, ಒಡೆಯುವುದು, ನೆಲ ಅಗೆಯುವುದು ಕೂಡದು ಎಂದು ರೂಢಿ. ಅದರಲ್ಲೂ ಇದು ಹರಕೆಯ ಕಟ್ಟೆ, ಆ ಹೆಣ್ಣುಮಗಳೇ ಹುಟ್ಟಿದ್ದಕ್ಕೆ ಕಟ್ಟಿಸಿದ್ದು, ಮೇಲಾಗಿ ನಾಗರ ಪ್ರತಿಷ್ಠೆ ಇರುವುದು. ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದರು.

ಹೆರಿಗೆ ಶ್ರಾವಣಕ್ಕೆ. ಮಳೆ ಜ್ಯೇಷ್ಠಕ್ಕೆ. ಭಾವ ಈ ಎರಡರ ನಡುವೆ ಸಿಕ್ಕಿಕೊಂಡರು. ಕಟ್ಟೆ ಒಡೆದರೆ ಕೊಟ್ಟ ಮಾತಿಗೆ ತಪ್ಪಿದಂತೆ, ಮಗಳ ಹೊಟ್ಟೆಗೆ ಏನಾದರೂ ಆದರೆ? ಒಡೆಯದಿದ್ದರೆ ಮಗಳನ್ನು ಕೊಟ್ಟ ಮರವೇ ಅವಳು ಬಸುರಿಯಾಗಿರುವಾಗ ಒಣಗುತ್ತದೆ, ಅದಕ್ಕಿಂತ ಅಪಶಕುನ ಉಂಟೆ? ಬೆಳಿಗ್ಗೆ ಒಡೆಯುವವನಿಗೆ ಫೋನ್ ಮಾಡುತ್ತಿದ್ದರು, ಮಧ್ಯಾಹ್ನ ಬೇಡ ಎನ್ನುತ್ತಿದ್ದರು. ಆ ಕಾಂಟ್ರಾಕ್ಟರ್ ಕೊನೆಗೆ ಇವರ ಫೋನ್ ಎತ್ತುವುದನ್ನೇ ಬಿಟ್ಟ. ಭಾವ ಸೊರಗಿದರು. ಹಲ್ಲು ಕಡಿಯುವುದು ಹೊಸದಾಗಿ ಶುರುವಾಯಿತು. ನನಗೆ ಪಾಪ ಅನ್ನಿಸುತ್ತಿತ್ತು, ಜೊತೆಗೆ ಸಿಟ್ಟೂ ಬರುತ್ತಿತ್ತು.

“ಏನಾದ್ರೂ ಒಂದು ಮಾಡಿ ಭಾವಾ, ಇಲ್ಲಾಂದ್ರೆ ನಿಮ್ಮನ್ನೇ ಆಸ್ಪತ್ರೆಗೆ ಹಾಕ್ಬೇಕಾಗುತ್ತೆ” ಎಂದೆ.

“ನಾನೇನೋ ಮಾಡ್ತೀನಿ ಕಣೋ. ನಿಮ್ಮಕ್ಕ ಒಪ್ಪಾಕಿಲ್ಲ. ಅವ್ಳಿಗೆ ಬಲೇ ಭಯ.”

ಆ ಮೇ ತಿಂಗಳು ಹೆಬ್ಬಾಳದ ಒಂದು ಸಭಾಂಗಣದಲ್ಲಿ ಸಭೆಯಿತ್ತು. ಧರ್ಮಗಳು ಮತ್ತು ಸುಸ್ಥಿರ ಅಭಿವೃದ್ಧಿ ಎಂದು ಬ್ಯಾನರು. ಪೆನ್ನು, ಪ್ಯಾಡು ನನ್ನ ಅಂಗಡಿಯಿಂದಲೇ ಹೋಗಿದ್ದರಿಂದ ನನಗೂ ಕರೆ ಬಂದಿತ್ತು. ಮನೆಯಲ್ಲಿ ಸುತ್ತುವ ಬದಲು ಅಲ್ಲಾದರೂ ಬಂದು ಕೂರಲಿ ಎಂದು ಭಾವನನ್ನು ಎಳೆದುಕೊಂಡು ಹೋದೆ. ವೇದಿಕೆಯ ಹಿಂದೆ ಬಣ್ಣ ಬಣ್ಣದ ಹದಿನೇಳು ಚೌಕಗಳ ಚಿತ್ರ. ವಿಶ್ವಸಂಸ್ಥೆಯವರು ಇಡೀ ಲೋಕಕ್ಕೆ ಹಾಕಿಕೊಟ್ಟಿರುವ ಗುರಿಗಳಂತೆ: ಹಸಿವು ಇರಬಾರದು, ಎಲ್ಲರಿಗೂ ನೀರು ಸಿಗಬೇಕು, ನೆಲದ ಮೇಲಿನ ಜೀವ ಉಳಿಯಬೇಕು, ಹೀಗೆ. ಒಬ್ಬ ಸ್ವಾಮೀಜಿ, ಒಬ್ಬ ಪಾದ್ರಿ, ಒಬ್ಬ ಮೌಲ್ವಿ ಸರದಿಯ ಮೇಲೆ ಮಾತಾಡಿದರು. ಸರ್ಕಾರ ಹೇಳಿದರೆ ಕೇಳದ ಜನ ದೇವರು ಹೇಳಿದರೆ ಕೇಳುತ್ತಾರೆ, ಆದ್ದರಿಂದ ಗುಡಿ, ಮಸೀದಿ, ಚರ್ಚುಗಳು ಕೈಜೋಡಿಸಿದರೆ ಈ ಗುರಿಗಳು ಮುಟ್ಟಲು ಸಾಧ್ಯ ಎಂಬುದು ಮೂವರ ಮಾತಿನ ಸಾರ. ಸುಳ್ಳೇನೂ ಅಲ್ಲ. ಎಲ್ಲರ ಮುಂದೆಯೂ ಪ್ಲಾಸ್ಟಿಕ್ ಬಾಟಲಿಯ ನೀರಿತ್ತು, ಅದೊಂದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಪ್ರಶ್ನೆ ಇದ್ದವರು ಕೇಳಬಹುದು ಎಂದಾಗ ಭಾವ ಎದ್ದೇಬಿಟ್ಟರು. ಮೈಕು ಇಸಿದುಕೊಂಡರು.

“ಸ್ವಾಮೀ, ನಾನು ಚಿಕ್ಕಜಾಲದ ಕಡೆಯೋನು. ಮರಕ್ಕೆ ಅಂತ ಅರಕೆ ಒತ್ತು ಕಲ್ಲಿನ ಕಟ್ಟೆ ಕಟ್ಟಿಸ್ದೆ. ಈಗ ಆ ಕಟ್ಟೇನೇ ಮರಾನ ಸಾಯಿಸ್ತಾ ಐತೆ. ಒಡುದ್ರೆ ದೇವ್ರಿಗೆ ಕೊಟ್ಟಿದ್ದ ಕಿತ್ಕೊಂಡಂಗೆ. ಬಿಟ್ರೆ ದೇವ್ರನ್ನೇ ಸಾಯಿಸ್ದಂಗೆ. ಏನ್ ಮಾಡ್ಲಿ?”

ಬಹಳ ಮಹತ್ವದ ಪ್ರಶ್ನೆ, ಇದರ ಬಗ್ಗೆ ಚಿಂತನೆ ಆಗಬೇಕು ಎಂದು ನಿರೂಪಕ ಮೈಕು ವಾಪಸು ತೆಗೆದುಕೊಂಡ. ಭಾವ ಕೂರದೆ ನೇರ ಹೊರಗೆ ಹೋದರು. ಬಿಸಿಲಲ್ಲಿ ಕಾರುಗಳ ಸಾಲಿನ ಮಧ್ಯೆ ಅಡ್ಡಾಡುತ್ತಿದ್ದವರನ್ನು ಹಿಡಿದು ಟೀ ಕೊಡಿಸಲು ಹೋದಾಗ ವಯಸ್ಸಾದ ಹೆಂಗಸೊಬ್ಬರು ನಮ್ಮ ಹತ್ತಿರ ಬಂದರು. ಹೆಸರು ಫಖ್ರುನ್ನೀಸಾ, ಆರ್.ಟಿ. ನಗರದವರು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು.

“ನಿಮ್ಮ ಪ್ರಶ್ನೆ ಕೇಳಿ ನಮ್ಮ ಅಬ್ಬಾ ನೆನಪಾದ್ರು” ಎಂದರು. “ನಮ್ಮ ಮಸೀದೀಲಿ ವಜೂ ಮಾಡೋಕೆ ನೀರಿನ ಹೌಜ್ ಕಟ್ಟಿಸಿದ್ದು ಅವ್ರೇ. ನಮಾಜ್‌ಗೆ ಮೊದಲು ಕೈಕಾಲು ತೊಳೀತೀವಲ್ಲ, ಅದಕ್ಕೆ. ಆ ನೀರೆಲ್ಲ ಚರಂಡಿಗೆ ಹೋಗ್ತಿತ್ತು. ಹರಿಯೋ ಹೊಳೆ ದಡದಲ್ಲಿ ಕೂತಿದ್ರೂ ನೀರು ಪೋಲು ಮಾಡ್ಬೇಡಿ ಅಂತ ನಮ್ಮಲ್ಲಿ ಹೇಳಿದೆ. ಬೋರ್‌ವೆಲ್ ಒಣಗಿದ ವರ್ಷ ನನ್ನ ತಮ್ಮ ಹೌಜ್ ಒಂದು ಕಡೆ ಒಡೆದು ಆ ನೀರನ್ನ ಗಿಡಗಳಿಗೆ ತಿರುಗಿಸ್ತೀನಿ ಅಂದ. ಎಷ್ಟು ಗಲಾಟೆ ಅಂತೀರಿ! ನಾನೂ ಅತ್ಬಿಟ್ಟೆ, ಅಬ್ಬಾ ಪುಣ್ಯಕ್ಕೆ ಕಟ್ಟಿಸಿದ್ದು ಅಂತ. ಒಂದು ವಾರ ಯೋಚ್ನೆ ಮಾಡಿದ್ಮೇಲೆ ಗೊತ್ತಾಯ್ತು. ಅಲ್ಲಾಹನದ್ದು ನೀರು. ಹೌಜ್ ಮಾತ್ರ ನಮ್ಮ ಅಬ್ಬಾದು.”

ಭಾವ ಟೀ ಲೋಟ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

“ನಿಮ್ಮ ಮನೆಯವ್ರು ಏನಂತಾರೆ?” ಎಂದು ಆಕೆ ಕೇಳಿದರು.

“ಅವ್ಳು ಒಪ್ಪಾಕಿಲ್ಲ ಕಣಮ್ಮ.”

“ಕೇಳಿದ್ರಾ?”

ಭಾವ ನನ್ನ ಕಡೆ ನೋಡಿದರು. ಅಷ್ಟು ದಿನ ಪುರೋಹಿತರನ್ನು ಕೇಳಿದ್ದರು, ಕಾಲೇಜಿನವರನ್ನು ಕೇಳಿದ್ದರು, ಗ್ರಾಮ ಪಂಚಾಯಿತಿಯವರನ್ನು, ಜ್ಯೋತಿಷ್ಯದವರನ್ನು, ಕಾಂಟ್ರಾಕ್ಟರನ್ನು, ನನ್ನನ್ನು, ಈಗ ಮೂರು ಧರ್ಮದ ಗುರುಗಳನ್ನೂ ಕೇಳಿದ್ದರು. ಅಕ್ಕನನ್ನು ಕೇಳಿರಲಿಲ್ಲ. ಆ ಬಿಸಿಲಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಷ್ಟು ದಿನ ತಮ್ಮ ಭಯವನ್ನು ಅವಳ ತಲೆಗೆ ಕಟ್ಟಿ ಓಡಾಡುತ್ತಿದ್ದರಲ್ಲ ಎನ್ನಿಸಿತು.

“ನಡೀರಿ ಭಾವಾ” ಎಂದೆ. ಫ್ಲೈಓವರ್ ಮೇಲೆ ಗಾಡಿಗಳು ಮುಂದೆ ಹೋಗುತ್ತಿರಲಿಲ್ಲ. ಅವರು ಇಳಿದು ನಡೆದೇ ಹೋಗುತ್ತೇನೆ ಎಂದು ಎರಡು ಸಲ ಬಾಗಿಲು ತೆಗೆದರು. ಎರಡು ಸಲವೂ ಅಂಗಿ ಹಿಡಿದು ಕೂರಿಸಿದೆ.

ಊರಿಗೆ ಬಂದಾಗ ಅಕ್ಕ ಮರದ ಹತ್ತಿರವೇ ಇದ್ದಳು. ದೀಪ ಹಚ್ಚಲು ಬಂದಿದ್ದಳು. ಕೆಳಗೆ ಖಾಲಿ ಬಿಂದಿಗೆ ಇತ್ತು, ಕಲ್ಲು ಆಗಷ್ಟೇ ತೊಳೆದಂತೆ ಹೊಳೆಯುತ್ತಿತ್ತು. ಭಾವ ಕಂಬಿಯ ಹೊರಗೇ ನಿಂತು ಗಂಟಲು ಸರಿಮಾಡಿಕೊಂಡರು.

“ಕಟ್ಟೆ ತೆಗೆಸೋಣ ಅಂತ. ನೀನು ಏನಂತೀಯಾ?”

ಅಕ್ಕ ಮೊದಲು ನನ್ನನ್ನು ನೋಡಿದಳು, ನಾನೇನಾದರೂ ಹೇಳಿಕೊಟ್ಟೆನೋ ಎಂಬಂತೆ.

“ಮಂಡಲ ಸುತ್ತಿದ್ದಾಗ ನಾನೂ ಒಂದು ಅರಕೆ ಒತ್ತಿದ್ದೆ” ಎಂದಳು. “ಮಗು ಕೊಟ್ರೆ ಬದುಕಿರೋಗಂಟ ದಿನಾ ನಿನ್ ಬುಡಕ್ಕೆ ಒಂದು ಬಿಂದಿಗೆ ನೀರಾಕ್ತೀನಿ ಅಂತ. ಆಕ್ತಾನೂ ಇದ್ದೆ. ಮಣ್ಣು ಕುಡ್ಕೊಂಡ್ಬಿಡ್ತಿತ್ತು. ನೀವು ಕಲ್ಲು ಆಕಿಸಿದ್ ಮೇಲೂ ಬಿಟ್ಟಿಲ್ಲ.” ಅವಳು ಓರೆಯಾಗಿ ನಿಂತ ಆ ಕಲ್ಲನ್ನು ತೋರಿಸಿದಳು. ಬಂಗಾರದ ಅಕ್ಷರಗಳ ಮೇಲಿಂದ ನೀರು ಇನ್ನೂ ಇಳಿಯುತ್ತಿತ್ತು, ಇಳಿದು ಗ್ರಾನೈಟ್ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು. “ಒಂಬತ್ತು ವರ್ಸದಿಂದ ದಿನಾ ನಿಮ್ ಎಸ್ರು ತೊಳೀತಾ ಇವ್ನಿ, ಅಷ್ಟೇ. ಒಂದು ತೊಟ್ಟು ಮರಕ್ಕೋಗಿಲ್ಲ.”

“ಮತ್ತೆ ಯೋಳ್ಬಾರ್ದಾ?” ಭಾವನ ದನಿ ಎದ್ದಿತು. “ಒಂಬತ್ತು ವರ್ಸ ಬಾಯ್ ಮುಚ್ಕೊಂಡಿದ್ದೀಯಲ್ಲ!”

“ನೀವು ಅಷ್ಟು ಕುಸಿಯಾಗಿದ್ರಿ. ಊರೆಲ್ಲ ಬಂದು ನೋಡೋರು. ಕೆಡಿಸೋದ್ ಬ್ಯಾಡ ಅಂದ್ಕೊಂಡೆ.”

“ರಾಣಿಗೆ ಏನಾದ್ರೂ ಆದ್ರೆ? ನಿಂಗೆ ಭಯ ಇಲ್ವಾ?”

“ಭಯ ಐತೆ. ಈ ಮರ ಒಣಗೋದು ನೋಡ್ಕೊಂಡು ಅವ್ಳ ಸೀಮಂತ ಮಾಡೋಕೆ ನಂಗೆ ಭಯ ಐತೆ.” ಅಷ್ಟು ಹೇಳಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ನಾನು ನಮ್ಮ ತಂದೆ ಹೋದ ಮೇಲೆ ನೋಡಿದ್ದು ಅವತ್ತೇ.

ಮಾರನೆಯ ಬೆಳಿಗ್ಗೆ ವೆಂಕಟರಾಮಯ್ಯನವರು ಬಂದರು. ಭಾವ ಅವರನ್ನು ಹೇಗೆ ಒಪ್ಪಿಸಿದರೋ, ಅಥವಾ ಅವರೇ ರಾತ್ರಿಯೆಲ್ಲ ಯೋಚಿಸಿದ್ದರೋ ಗೊತ್ತಿಲ್ಲ. “ಅಶ್ವತ್ಥಕ್ಕೆ ನೀರೆರೀಬೇಕು ಅಂತ ಶಾಸ್ತ್ರದಲ್ಲಿದೆ. ಗ್ರಾನೈಟ್ ಹಾಸ್ಬೇಕು ಅಂತ ಎಲ್ಲೂ ಇಲ್ಲ, ನಿಜ ಹೇಳ್ಬೇಕಂದ್ರೆ” ಎಂದರು, ನನ್ನ ಕಡೆ ನೋಡದೆ. ಅದನ್ನು ಒಂಬತ್ತು ವರ್ಷದ ಕೆಳಗೆ, ಹೋಮದ ಶಲ್ಯ ಹೊದೆಯುವ ಮೊದಲು ಹೇಳಬಹುದಿತ್ತು. ಕ್ಷಮೆ ಕೇಳುವ ಪೂಜೆ ಮೊದಲು, ಆಮೇಲೆ ಕಲ್ಲು ತೆಗೆಯುವುದು ಎಂದಾಯಿತು.

“ಯಾರ ಹೆಸರಲ್ಲಿ ಸಂಕಲ್ಪ?” ಎಂದು ಕೇಳಿದರು. ಭಾವ ರೂಢಿಯಂತೆ ಬಾಯಿ ತೆರೆದವರು ಅರ್ಧಕ್ಕೆ ನಿಲ್ಲಿಸಿ ಅಕ್ಕನ ಕಡೆ ಕೈ ತೋರಿಸಿದರು. ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತಳು.

ಒಡೆಯುವ ಯಂತ್ರ ಶುರುವಾದಾಗ ಸದ್ದಿಗೆ ಇಡೀ ಊರು ಸೇರಿತು. ಹುಚ್ಚು ಹಿಡಿದಿದೆ ಎಂದವರು ಕೆಲವರು, ಬಸುರಿ ಮಗಳ ಗತಿ ಏನು ಎಂದವರು ಇನ್ನು ಕೆಲವರು. ಕಾಂಕ್ರೀಟು ಎದ್ದ ಕಡೆ ಬೇರುಗಳು ಕಂಡವು. ನೆಲಕ್ಕೆ ಇಳಿಯಲಾಗದೆ ಕಲ್ಲಿನ ಅಡಿಗೇ ಅಂಟಿ, ಚಪ್ಪಟೆಯಾಗಿ, ಅಂಚಿನ ತನಕ ಹೋಗಿ ಮತ್ತೆ ಹಿಂದಕ್ಕೆ ತಿರುಗಿ ಬಂದಿದ್ದವು. ಮಾತಾಡುತ್ತಿದ್ದವರು ಅದನ್ನು ನೋಡಲು ಹತ್ತಿರ ಬಂದು ಬಗ್ಗಿದರು. ಕೆಳಗಿನ ಮಣ್ಣು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಕ್ಕ ತಂದು ಹುಯ್ದ ಮೊದಲ ಬಿಂದಿಗೆ ಮೇಲೆಯೇ ನಿಂತಿತು, ಇಳಿಯಲಿಲ್ಲ. ಭಾವ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಕೆದಕತೊಡಗಿದರು. ಗುದ್ದಲಿ ಕೊಡಲು ಹೋದವನನ್ನು ಬೇರಿಗೆ ತಾಗುತ್ತದೆ ಎಂದು ಗದರಿದರು. ಉಗುರಿನಲ್ಲಿ ರಕ್ತ ಬಂದರೂ ಬಿಡಲಿಲ್ಲ.

ರಾಣಿಗೆ ಶ್ರಾವಣದಲ್ಲಿ ಹೆಣ್ಣುಮಗು ಹುಟ್ಟಿತು, ಸುಖವಾಗಿ. ಅರಳಿಯ ಒಂದು ಪಾಲು ಒಣಗಿಯೇ ಹೋಯಿತು, ಆ ಕೊಂಬೆಗಳನ್ನು ಇಳಿಸಬೇಕಾಯಿತು. ಉಳಿದದ್ದು ಆ ಮಳೆಗಾಲ ತಡವಾಗಿ ಚಿಗುರಿತು. ಈಗ ಕಟ್ಟೆಯ ಜಾಗದಲ್ಲಿ ಸುತ್ತ ಮಣ್ಣು, ಕೂರಲು ಬದಿಯಲ್ಲಿ ನಾಲ್ಕು ಚಪ್ಪಡಿ. ನಾಗರಕಲ್ಲುಗಳು ಮತ್ತೆ ಮಣ್ಣಿನ ಮೇಲೆ ನಿಂತಿವೆ.

ಇದರಿಂದ ಭಾವ ಶಾಂತರಾದರು ಅಂದುಕೊಂಡರೆ ತಪ್ಪು. ಗಡಿಬಿಡಿ ಎರಡರಷ್ಟಾಯಿತು. ವಾರದಲ್ಲಿ ಐದು ದಿನ ಅದೇ ಸಿಮೆಂಟಿನ ಕೆಲಸ, ಉಳಿದ ಎರಡು ದಿನ ತಮ್ಮ ಕಟ್ಟೆ ನೋಡಿ ಕಟ್ಟಿಸಿದವರ ಊರೂರು ತಿರುಗಾಟ. ಆ ಮರಗಳ ಲೆಕ್ಕ ತಮ್ಮ ತಲೆಯ ಮೇಲಿದೆ ಎಂದು ಅವರಿಗೆ ಖಾತ್ರಿ. ಬೇರು, ಗಾಳಿ, ನೀರು ಎಂದು ಭಾಷಣ ಮಾಡಿ ಮೊದಮೊದಲು ಬೈಸಿಕೊಂಡು ಬಂದರು. ಒಂದು ಊರಿನಲ್ಲಿ ನಾಯಿ ಬಿಟ್ಟರು. ಕಟ್ಟೆ ಒಡೆಯೋ ಆಂಜಿನಪ್ಪ ಬಂದ ಎಂದರೆ ಕಂಬಿಗೆ ಬೀಗ ಹಾಕುವವರೂ ಇದ್ದರು. ಬರಬರುತ್ತಾ ಭಾಷಣ ಬಿಟ್ಟರು.

ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ರಾಮಕೃಷ್ಣಪ್ಪ ಎಂಬವರ ಊರು. ಅವರು ಹೊಲ ಮಾರಿ ಕಲ್ಯಾಣ ಮಂಟಪ ಕಟ್ಟಿದವರು. ಅರಳಿಗೆ ಬಿಳಿ ಮಾರ್ಬಲ್ ಕಟ್ಟೆ, ಅದರ ಮೇಲೆ ಅವರ ಹೆಸರು. ನಮ್ಮನ್ನು ಕಂಡ ಕೂಡಲೇ ಮುಖ ಗಂಟು ಹಾಕಿಕೊಂಡು ಮನೆಯ ಮೆಟ್ಟಿಲ ಮೇಲೆ ನಿಂತರು.

“ಒಡ್ಸು ಅಂತ ಯೋಳಾಕೆ ಬಂದಿದ್ರೆ ಇಂಗೇ ವಾಪಸ್ ಓಗಿ.”

“ಒಡ್ಸು ಅಂತ ಯೋಳಾಕೆ ಬಂದಿಲ್ಲ ಕಣಪ್ಪ” ಎಂದರು ಭಾವ. “ಈ ಮರಕ್ಕೆ ದಿನಾ ನೀರಾಕೋರು ನಿಮ್ಮನೇಲಿ ಯಾರು?”

“ನಮ್ಮನೆಯವ್ಳು. ಯಾಕೆ?”

“ಆ ನೀರು ಎಲ್ಲಿಗೋಗ್ತೈತೆ ಅಂತ ಒಂದ್ಸಲ ಅವ್ರನ್ನ ಕೇಳ್ಕೊಂಡ್ ಬನ್ನಿ. ನಾನು ಇಲ್ಲೇ ಇರ್ತೀನಿ.”

ರಾಮಕೃಷ್ಣಪ್ಪ ಇದೇನು ಕೇಳುವ ಮಾತು ಎಂಬಂತೆ ನಕ್ಕು ಒಳಗೆ ಹೋದರು. ಒಂದು ನಿಮಿಷದಲ್ಲಿ ಬರುವವರಂತೆ ಬಾಗಿಲು ತೆರೆದೇ ಬಿಟ್ಟಿದ್ದರು. ಒಳಗೆ ಅವರ ದನಿ ಕೇಳಿಸಿತು, ಆಮೇಲೆ ಒಬ್ಬ ಹೆಂಗಸಿನ ದನಿ. ಆ ದನಿ ಮೊದಲು ಸಣ್ಣದಾಗಿತ್ತು, ಆಮೇಲೆ ಏರಿ ಬಹಳ ಹೊತ್ತು ಮುಂದುವರಿಯಿತು, ನಡುವೆ ರಾಮಕೃಷ್ಣಪ್ಪನವರ ದನಿ ಮತ್ತೆ ಕೇಳಿಸಲೂ ಇಲ್ಲ.